ಬಗ್ ಟ್ರ್ಯಾಕರ್‌ಗೆ ಹೊಸ ಇಂಪೋರ್ಟರ್: ಮೊದಲ ಮಾದರಿಯಿಂದ ಮರ್ಜ್ ಆಗುವವರೆಗೆ

ದಾವಣಗೆರೆಯ ವಿದ್ಯಾನಗರದ ಒಂದು ಮನೆಯ ಮಹಡಿಯಲ್ಲಿ ಭಾನುವಾರ ಬೆಳಗ್ಗೆ ನಾವು ಕೆಲವರು ಸೇರುತ್ತೇವೆ. ಬರುವವರಲ್ಲಿ ಹೆಚ್ಚಿನವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಹರಿಹರದಿಂದ, ಚಿತ್ರದುರ್ಗದಿಂದ ಬರುವವರೂ ಇದ್ದಾರೆ. ಮುಕ್ತ ತಂತ್ರಾಂಶಕ್ಕೆ ಸಣ್ಣಪುಟ್ಟ ತಿದ್ದುಪಡಿ ಕಳುಹಿಸಿ ಕೈ ಪಳಗಿದ ಮೇಲೆ ಅವರು ಆರಿಸಿಕೊಳ್ಳುವ ಮೊದಲ ದೊಡ್ಡ ಕೆಲಸ ಬಹುತೇಕ ಇದೇ: ಒಂದು ಬಗ್ ಟ್ರ್ಯಾಕರ್‌ನಲ್ಲಿರುವ, ಅಂದರೆ ತಂತ್ರಾಂಶದ ದೋಷಗಳನ್ನು ದಾಖಲಿಸುವ ವ್ಯವಸ್ಥೆಯಲ್ಲಿರುವ ದೂರುಗಳನ್ನು ಓದಿ ಇನ್ನೊಂದು ತಂತ್ರಾಂಶದೊಳಗೆ ತಂದುಹಾಕುವ ಇಂಪೋರ್ಟರ್.

ಎಡವುವುದೂ ಒಂದೇ ಜಾಗದಲ್ಲಿ. ಪುಲ್ ರಿಕ್ವೆಸ್ಟ್ (ನನ್ನ ಕೋಡನ್ನು ಯೋಜನೆಗೆ ಸೇರಿಸಿಕೊಳ್ಳಿ, ಅಂದರೆ ಮರ್ಜ್ ಮಾಡಿ ಎಂಬ ಕೋರಿಕೆ) ಹೋಗುತ್ತದೆ, ಯೋಜನೆಯ ನಿರ್ವಾಹಕರು ಮೂರು ಪ್ರಶ್ನೆ ಕೇಳುತ್ತಾರೆ. ಎರಡನೇ ಸಲ ಓಡಿಸಿದರೆ ಏನಾಗುತ್ತದೆ? ಮುಚ್ಚಿದ ದೂರುಗಳು ಬಂದವೇ? ಇಂಟರ್‌ನೆಟ್ ಇಲ್ಲದೆ ಟೆಸ್ಟ್ ಓಡುತ್ತದೆಯೇ? ಮೂರಕ್ಕೂ ಉತ್ತರವಿಲ್ಲದೆ ಪುಲ್ ರಿಕ್ವೆಸ್ಟ್ ತಿಂಗಳುಗಟ್ಟಲೆ ಬಿದ್ದಿರುತ್ತದೆ, ಬರೆದವರು ಬೇಸತ್ತು ಕೈಬಿಡುತ್ತಾರೆ.

ಇಲ್ಲಿ ಕೊರತೆಯಿರುವುದು ಜಾಣ್ಮೆಯದ್ದಲ್ಲ, ಕೆಲಸದ ಕ್ರಮದ್ದು. ಸರ್ವರ್‌ನಿಂದ ದತ್ತಾಂಶ ತರುವ ಕೋಡನ್ನು ಎಲ್ಲರೂ ಮೊದಲು ಬರೆಯುತ್ತಾರೆ, ಏಕೆಂದರೆ ಇಪ್ಪತ್ತು ಸಾಲಿನಲ್ಲಿ ಪರದೆಯ ಮೇಲೆ ಏನೋ ಕಾಣಿಸುತ್ತದೆ. ಆ ಕೋಡ್ ಬರೆಯಬೇಕಾದದ್ದು ಐದನೇ ಹಂತದಲ್ಲಿ. ಕೆಳಗಿನ ಕ್ರಮವನ್ನು ದಯವಿಟ್ಟು ಅದಲುಬದಲು ಮಾಡಬೇಡಿ. ಉದಾಹರಣೆಗೆ ರೆಡ್‌ಮೈನ್ ಟ್ರ್ಯಾಕರನ್ನು ಇಟ್ಟುಕೊಂಡಿದ್ದೇನೆ. ಹೊಸಬರನ್ನು ಬೀಳಿಸುವ ಗುಂಡಿಗಳಲ್ಲಿ ಹೆಚ್ಚಿನವು ಅದರಲ್ಲೇ ಸಿಗುತ್ತವೆ. ಬಗ್‌ಜಿಲ್ಲಾ, ಗಿಟ್‌ಹಬ್, ಗಿಟ್‌ಲ್ಯಾಬ್‌ಗಳಲ್ಲಿ ಬೇರೆಯಾಗುವ ಕಡೆ ಅದನ್ನೂ ಹೇಳುತ್ತೇನೆ.

## ಮೊದಲು ಕೈಯಲ್ಲಿರಬೇಕಾದ ಸಲಕರಣೆ

ಗಿಟ್, ಯೋಜನೆ ಬಳಸುವ ಭಾಷೆ (ಸಾಮಾನ್ಯವಾಗಿ ಪೈಥಾನ್ ಅಥವಾ ಗೋ), ಸರ್ವರ್‌ಗೆ ಕೈಯಾರೆ ಪ್ರಶ್ನೆ ಕಳುಹಿಸಲು ಕರ್ಲ್, ಬಂದ ಜೇಸನ್ (ಮಾಹಿತಿಯನ್ನು ಹೆಸರು-ಮೌಲ್ಯಗಳಾಗಿ ಬರೆಯುವ ಪಠ್ಯರೂಪ) ಉತ್ತರವನ್ನು ಬಿಡಿಸಿ ನೋಡಲು ಜೆಕ್ಯೂ. ಇಷ್ಟು ಎಲ್ಲರ ಬಳಿಯೂ ಇರುತ್ತದೆ. ಇಲ್ಲದಿರುವುದು ಐದನೆಯದು, ಅಂದರೆ ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಓಡುವ ಒಂದು ಟ್ರ್ಯಾಕರ್.

ಬೇರೆಯವರ ಸಾರ್ವಜನಿಕ ಸರ್ವರ್ ಮೇಲೆ ಅಭ್ಯಾಸ ಮಾಡುವುದು ತಪ್ಪು. ಅರ್ಧ ಬರೆದ ಲೂಪ್ ಒಂದು ನಿಮಿಷದಲ್ಲಿ ಸಾವಿರ ಪ್ರಶ್ನೆ ಕಳುಹಿಸಿಬಿಡುತ್ತದೆ, ಅದರ ಹೊರೆ ಹೊರುವವರು ಯಾರೋ ಸ್ವಯಂಸೇವಕರು. ಡಾಕರ್‌ನಲ್ಲಿ (ತಂತ್ರಾಂಶವನ್ನು ಸಿದ್ಧ ಪೊಟ್ಟಣವಾಗಿ ಇಳಿಸಿ ಓಡಿಸುವ ಸಾಧನ) ರೆಡ್‌ಮೈನ್‌ನ ಅಧಿಕೃತ ಇಮೇಜ್, ಅಂದರೆ ಅಂಥ ಪೊಟ್ಟಣ, ಸಿಗುತ್ತದೆ. ಡೇಟಾಬೇಸ್ ಯಾವುದೆಂದು ಹೇಳದಿದ್ದರೆ ಎಸ್‌ಕ್ಯೂಲೈಟ್ ಮೇಲೆ ಓಡುತ್ತದೆ, 3000ನೇ ಪೋರ್ಟ್‌ನಲ್ಲಿ ತೆರೆದುಕೊಳ್ಳುತ್ತದೆ. ಹಾಸ್ಟೆಲಿನ ನೆಟ್‌ನಲ್ಲಿ ಇಮೇಜ್ ಇಳಿಯಲು ಹೊತ್ತು ಹಿಡಿಯುತ್ತದೆ, ಆದರೆ ಅದು ಒಂದೇ ಸಲದ ಕೆಲಸ.

ಹೊಸ ರೆಡ್‌ಮೈನ್‌ನಲ್ಲಿ ಎರಡು ಕೆಲಸ ಮರೆಯಬೇಡಿ. ಆಡಳಿತ ಪುಟದಲ್ಲಿ ಡೀಫಾಲ್ಟ್ ವ್ಯವಸ್ಥೆಯನ್ನು ಲೋಡ್ ಮಾಡಿ. ಇಲ್ಲದಿದ್ದರೆ ದೂರಿನ ಬಗೆಗಳಾಗಲಿ ಸ್ಥಿತಿಗಳಾಗಲಿ ಇರುವುದೇ ಇಲ್ಲ. ಆಮೇಲೆ ಸೆಟ್ಟಿಂಗ್ಸ್‌ನ ಎಪಿಐ (ಬೇರೆ ತಂತ್ರಾಂಶಗಳು ಸರ್ವರ್‌ನೊಡನೆ ಮಾತನಾಡುವ ದಾರಿ) ವಿಭಾಗದಲ್ಲಿ ರೆಸ್ಟ್ ಸೇವೆಯನ್ನು ಆನ್ ಮಾಡಿ. ಇದನ್ನು ಬಿಟ್ಟರೆ ನಿಮ್ಮ ಎಪಿಐ ಕೀಲಿ (ಆ ದಾರಿಗೆ ನಿಮ್ಮ ಖಾತೆಯ ಗುಪ್ತಪದ) ಸರಿಯಾಗಿದ್ದರೂ ಸರ್ವರ್ ಒಪ್ಪುವುದಿಲ್ಲ, ನೀವು ತಪ್ಪನ್ನು ನಿಮ್ಮ ಕೋಡ್‌ನಲ್ಲಿ ಹುಡುಕುತ್ತಾ ಮಧ್ಯಾಹ್ನ ಕಳೆಯುತ್ತೀರಿ.

## ಹಂತ 1: ಕೇಳಿ, ಓದಿ, ಆಮೇಲೆ ಕೈ ಹಾಕಿ

ಈ ಟ್ರ್ಯಾಕರ್‌ಗೆ ಇಂಪೋರ್ಟರ್ ಬೇಕೆಂದು ಯೋಜನೆಯಲ್ಲಿ ಯಾರಾದರೂ ಆಗಲೇ ಕೇಳಿದ್ದಾರೆಯೇ, ಅರ್ಧಕ್ಕೆ ನಿಂತ ಪ್ರಯತ್ನವಿದೆಯೇ ನೋಡಿ. ಹುಡುಕುವಾಗ ಇಂಪೋರ್ಟರ್ ಎಂಬ ಒಂದೇ ಪದವನ್ನು ನಂಬಬೇಡಿ. ಗಿಟ್-ಬಗ್ ಯೋಜನೆಯಲ್ಲಿ ಇದನ್ನು ಬ್ರಿಡ್ಜ್ ಎನ್ನುತ್ತಾರೆ, ಬಗ್‌ವಾರಿಯರ್‌ನಲ್ಲಿ ಸರ್ವೀಸ್, ಪರ್ಸೆವಲ್‌ನಲ್ಲಿ ಬ್ಯಾಕೆಂಡ್. ಆ ಮನೆಯ ಮಾತು ತಿಳಿಯದಿದ್ದರೆ ಇರುವುದು ಕಾಣುವುದಿಲ್ಲ.

ನಂತರ ಎರಡೇ ಎರಡನ್ನು ಓದಿ. ಒಂದು, ಈಗಾಗಲೇ ಇರುವ ಇಂಪೋರ್ಟರ್‌ಗಳಲ್ಲಿ ಇತ್ತೀಚೆಗೆ ಸೇರಿದ್ದು. ಅತಿ ಹಳೆಯದನ್ನು ಮಾದರಿಯಾಗಿ ಹಿಡಿಯಬೇಡಿ; ಯೋಜನೆ ಆಗ ಬೇರೆ ರೀತಿ ಬರೆಯುತ್ತಿತ್ತು, ಅದನ್ನು ತಿದ್ದಲು ಯಾರಿಗೂ ಬಿಡುವಾಗಿರುವುದಿಲ್ಲ. ಇನ್ನೊಂದು, ಅದೇ ಇಂಪೋರ್ಟರ್‌ನ ಪುಲ್ ರಿಕ್ವೆಸ್ಟ್‌ನಲ್ಲಿ ನಡೆದ ರಿವ್ಯೂ. ನಿರ್ವಾಹಕರು ಅಲ್ಲಿ ಕೇಳಿದ ಪ್ರಶ್ನೆಗಳನ್ನೇ ನಿಮಗೂ ಕೇಳುತ್ತಾರೆ. ಅವುಗಳನ್ನು ಒಂದು ಹಾಳೆಯಲ್ಲಿ ಬರೆದು ಎದುರಿಗೆ ಅಂಟಿಸಿಕೊಂಡರೆ ಅರ್ಧ ರಿವ್ಯೂ ಮುಗಿದಂತೆ.

ಕೊನೆಗೆ ನಾಲ್ಕು ಸಾಲಿನ ಸಂದೇಶ ಹಾಕಿ: ಯಾವ ಟ್ರ್ಯಾಕರ್, ಯಾವ ಆವೃತ್ತಿ, ಮೊದಲ ಸುತ್ತಿನಲ್ಲಿ ಏನೇನು ತರುತ್ತೀರಿ, ಏನನ್ನು ಬಿಡುತ್ತೀರಿ. ಉತ್ತರ ಬರುವವರೆಗೆ ಎರಡನೇ ಹಂತ ಮಾಡುತ್ತಿರಿ.

## ಹಂತ 2: ಮಾದರಿ ಸಂಗ್ರಹ

ಈ ಹಂತವನ್ನು ನಾನು ನೋಡಿದ ಹೆಚ್ಚಿನವರು ಹಾರಿಸುತ್ತಾರೆ, ಪೆಟ್ಟು ಬೀಳುವುದೂ ಇದರಿಂದಲೇ. ಕೋಡ್‌ನ ಒಂದು ಸಾಲನ್ನೂ ಬರೆಯದೆ, ಕರ್ಲ್‌ನಿಂದ ಟ್ರ್ಯಾಕರ್‌ನ ಉತ್ತರಗಳನ್ನು ಇದ್ದ ಹಾಗೆಯೇ ಫೈಲ್‌ಗಳಲ್ಲಿ ಉಳಿಸಿ. ಹೆಡರ್‌ಗಳನ್ನೂ (ಉತ್ತರದ ಜೊತೆ ಬರುವ ಹೆಚ್ಚುವರಿ ಮಾಹಿತಿ) ಉಳಿಸಿ, ಐದನೇ ಹಂತದಲ್ಲಿ ಬೇಕಾಗುತ್ತವೆ.

ನೀಟಾಗಿರುವ ದೂರುಗಳನ್ನು ಆರಿಸಬೇಡಿ. ವಕ್ರವಾಗಿರುವುದನ್ನೇ ಹುಡುಕಿ, ಸಿಗದಿದ್ದರೆ ನಿಮ್ಮ ರೆಡ್‌ಮೈನ್‌ನಲ್ಲಿ ಸೃಷ್ಟಿಸಿ. ಮುಚ್ಚಿದ ಒಂದು ದೂರು. ಯಾರಿಗೂ ಹಂಚದ ಒಂದು. ವಿವರಣೆ ಖಾಲಿ ಇರುವ ಒಂದು. ಬರೆದವರ ಖಾತೆಯೇ ಅಳಿಸಿಹೋಗಿರುವ ಒಂದು. ಇನ್ನೊಂದರ ನಕಲು ಎಂದು ಗುರುತಾದದ್ದು. ಲಗತ್ತು ಇರುವುದು. ಇಪ್ಪತ್ತಕ್ಕೂ ಹೆಚ್ಚು ಪ್ರತಿಕ್ರಿಯೆಗಳಿರುವುದು. ಮತ್ತು ತಲೆಬರಹ ಪೂರ್ತಿ ಕನ್ನಡದಲ್ಲಿರುವುದು. ಈ ಎಂಟು ಫೈಲ್ ನಿಮ್ಮ ಕೈಯಲ್ಲಿದ್ದರೆ ಮುಂದಿನ ಕೆಲಸ ಬಹುಪಾಲು ಹಗುರ.

ಎರಡು ಎಚ್ಚರಿಕೆ. ಅಡ್ಮಿನ್ ಖಾತೆಯ ಕೀಲಿಯಿಂದ ಮಾದರಿ ತೆಗೆಯಬೇಡಿ. ರೆಡ್‌ಮೈನ್‌ನಲ್ಲಿ ಖಾಸಗಿ ಎಂದು ಗುರುತಿಸಿದ ದೂರುಗಳಿರುತ್ತವೆ; ಅಡ್ಮಿನ್‌ಗೆ ಎಲ್ಲವೂ ಕಾಣುವುದರಿಂದ ಅವೂ ನಿಮ್ಮ ಫೈಲ್‌ಗೆ ಬಂದು, ಕಮಿಟ್ ಆಗಿ (ಕೋಡ್‌ನ ಇತಿಹಾಸದಲ್ಲಿ ದಾಖಲಾಗಿ), ಜಗತ್ತಿಗೇ ತೆರೆದುಕೊಳ್ಳುತ್ತವೆ. ಕೆಳಹಂತದ ಒಂದು ಸಾಮಾನ್ಯ ಖಾತೆ ತೆರೆದು ಅದರ ಕೀಲಿ ಬಳಸಿ. ಎರಡನೆಯದು, ಸಾರ್ವಜನಿಕ ಟ್ರ್ಯಾಕರ್‌ನಿಂದ ಒಂದೆರಡು ಮಾದರಿ ತೆಗೆದಿದ್ದರೆ ಅದರಲ್ಲಿನ ಹೆಸರು, ಇಮೇಲ್ ವಿಳಾಸಗಳನ್ನು ಬದಲಿಸಿಯೇ ಯೋಜನೆಗೆ ಸೇರಿಸಿ. ಆ ಮನುಷ್ಯ ತನ್ನ ವಿಳಾಸವನ್ನು ನಿಮ್ಮ ಟೆಸ್ಟ್ ಫೋಲ್ಡರ್‌ಗೆ ಕೊಟ್ಟಿಲ್ಲ.

ಪೈಥಾನ್‌ನಿಂದ ಜೇಸನ್ ಉಳಿಸುವುದಾದರೆ, ಅದು ತಾನಾಗಿಯೇ ಕನ್ನಡ ಅಕ್ಷರಗಳನ್ನು ಅಂಕಿಸಂಕೇತಗಳಾಗಿ ಬದಲಿಸಿ ಬರೆಯುತ್ತದೆ ಎಂಬುದು ನೆನಪಿರಲಿ. ಮಾಹಿತಿ ನಷ್ಟವಾಗುವುದಿಲ್ಲ, ಆದರೆ ಫೈಲ್ ತೆರೆದಾಗ ನಿಮ್ಮ ಕಣ್ಣಿಗೆ ಏನೂ ಅರ್ಥವಾಗುವುದಿಲ್ಲ. ಹಾಗೆ ಬದಲಿಸುವ ಆಯ್ಕೆಯನ್ನು ಆಫ್ ಮಾಡಿ. ಕಾಲೇಜಿನ ವಿಂಡೋಸ್ ಗಣಕಗಳಲ್ಲಿ ಫೈಲ್ ತೆರೆಯುವಾಗ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ಪದ್ಧತಿ, ಅಂದರೆ ಎನ್‌ಕೋಡಿಂಗ್) ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಪೈಥಾನ್ ವಿಂಡೋಸ್‌ನ ಹಳೆಯ ಎನ್‌ಕೋಡಿಂಗ್ ಹಿಡಿದುಕೊಳ್ಳಬಹುದು.

## ಹಂತ 3: ಹಾಳೆಯ ಮೇಲೆ ಹೊಂದಾಣಿಕೆ

ನೋಟ್‌ಬುಕ್‌ನಲ್ಲಿ ಎರಡು ಅಂಕಣ ಎಳೆಯಿರಿ. ಎಡಕ್ಕೆ ನಿಮ್ಮ ಯೋಜನೆ ಕೇಳುವ ಮಾಹಿತಿ: ಸಂಖ್ಯೆ, ತಲೆಬರಹ, ವಿವರಣೆ, ತೆರೆದಿದೆಯೋ ಮುಚ್ಚಿದೆಯೋ, ಬರೆದವರು, ಹೊಣೆ ಹೊತ್ತವರು, ಸೃಷ್ಟಿಯಾದ ಸಮಯ, ಬದಲಾದ ಸಮಯ, ಲೇಬಲ್‌ಗಳು, ಮೂಲ ಕೊಂಡಿ. ಬಲಕ್ಕೆ ಅದು ಟ್ರ್ಯಾಕರ್‌ನಲ್ಲಿ ಎಲ್ಲಿ ಸಿಗುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿ "ಇಲ್ಲದಿದ್ದರೆ?" ಎಂಬ ಪ್ರಶ್ನೆಗೂ ಉತ್ತರ ಬರೆಯಿರಿ. ಹೊಣೆ ಹೊತ್ತವರು ಇಲ್ಲದಿದ್ದರೆ ರೆಡ್‌ಮೈನ್ ಆ ಅಂಶವನ್ನು ಖಾಲಿಯಾಗಿ ಕಳುಹಿಸದೆ ಪೂರ್ತಿ ಬಿಟ್ಟೇಬಿಡುತ್ತದೆ. ಅದು ಎರಡನೇ ಹಂತದ ಮಾದರಿಯಲ್ಲಿ ಕಾಣುತ್ತದೆ.

ಹೊಂದಾಣಿಕೆ ತಪ್ಪುವ ಜಾಗಗಳು ಗೊತ್ತಿರುವಂಥವೇ. ಬಗ್‌ಜಿಲ್ಲಾದಲ್ಲಿ ದೂರಿನ ವಿವರಣೆ ಮೊದಲ ಪ್ರತಿಕ್ರಿಯೆಯ ರೂಪದಲ್ಲಿ ಇರುತ್ತದೆ. ಪ್ರತಿಕ್ರಿಯೆಗಳನ್ನು ಬೇರೆಯಾಗಿ ಕೇಳಿ ಮೊದಲನೆಯದನ್ನು ತೆಗೆದುಕೊಳ್ಳಬೇಕು. ಗಿಟ್‌ಹಬ್‌ನಲ್ಲಿ ದೂರುಗಳ ಪಟ್ಟಿ ಕೇಳಿದರೆ ಪುಲ್ ರಿಕ್ವೆಸ್ಟ್‌ಗಳೂ ಜೊತೆಗೆ ಬರುತ್ತವೆ; ಪುಲ್ ರಿಕ್ವೆಸ್ಟ್ ಎಂಬ ಅಂಶ ಇರುವುದನ್ನು ಬೇರ್ಪಡಿಸಬೇಕು. ಗಿಟ್‌ಲ್ಯಾಬ್‌ನಲ್ಲಿ ಪ್ರತಿ ದೂರಿಗೆ ಎರಡು ಸಂಖ್ಯೆ: ಒಂದು ಇಡೀ ಸರ್ವರ್‌ಗೆ, ಇನ್ನೊಂದು ಆ ಯೋಜನೆಯೊಳಗೆ. ಪುಟದ ವಿಳಾಸದಲ್ಲಿ ಜನ ನೋಡುವುದು ಎರಡನೆಯದು. ತಪ್ಪಾದದ್ದನ್ನು ಹಿಡಿದರೆ ಕೊಂಡಿಗಳೆಲ್ಲ ಬೇರೆಲ್ಲೋ ಹೋಗುತ್ತವೆ.

ಸ್ಥಿತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಗಿಟ್‌ಹಬ್‌ನಲ್ಲಿ ಸ್ಥಿತಿ ಎರಡೇ, ತೆರೆದದ್ದು ಅಥವಾ ಮುಚ್ಚಿದ್ದು. ರೆಡ್‌ಮೈನ್‌ನಲ್ಲಿ ಸ್ಥಿತಿಗಳ ಹೆಸರನ್ನು ಆಯಾ ಆಡಳಿತಗಾರರೇ ಇಡುತ್ತಾರೆ. ಒಂದು ಕಡೆ "ಮುಗಿದಿದೆ", ಇನ್ನೊಂದು ಕಡೆ "ಪರಿಶೀಲನೆಗೆ", ಮತ್ತೊಂದು ಕಡೆ ಇಂಗ್ಲಿಷ್‌ನಲ್ಲಿ. ಹೆಸರು ನೋಡಿ ನಿರ್ಧರಿಸುವ ಇಂಪೋರ್ಟರ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ, ಪಕ್ಕದವರಲ್ಲಿ ಓಡುವುದಿಲ್ಲ. ಸ್ಥಿತಿಗಳ ಪಟ್ಟಿಯನ್ನು ಸರ್ವರ್‌ನಿಂದ ಪ್ರತ್ಯೇಕವಾಗಿ ಕೇಳಿ. ಪ್ರತಿ ಸ್ಥಿತಿಯ ಜೊತೆಗೂ ಅದು ಮುಚ್ಚಿದ್ದೆಂದು ಲೆಕ್ಕವೋ ಅಲ್ಲವೋ ಎಂಬ ಗುರುತು ಬರುತ್ತದೆ. ಅದನ್ನೇ ನಂಬಿ. ಬಗ್‌ಜಿಲ್ಲಾದಲ್ಲೂ ತೆರೆದಿದೆಯೇ ಎಂದು ಹೇಳುವ ಪ್ರತ್ಯೇಕ ಅಂಶವಿದೆ.

ಗುರುತಿಗೆ ಸಿಗದ ಸ್ಥಿತಿ ಬಂದರೆ? "ತೆರೆದಿದೆ" ಎಂದು ಸುಮ್ಮನೆ ಊಹಿಸಬೇಡಿ. ದೂರಿನ ಸಂಖ್ಯೆಯನ್ನೂ ಸ್ಥಿತಿಯ ಹೆಸರನ್ನೂ ಹೇಳಿ ತಪ್ಪು ವರದಿ ಮಾಡಿ. ಮೌನವಾಗಿ ತಪ್ಪುವ ಇಂಪೋರ್ಟರ್‌ಗಿಂತ ನಿಂತು ಕೂಗುವುದು ಸಾವಿರ ಪಾಲು ಮೇಲು.

ವಿವರಣೆಯ ಬರವಣಿಗೆ ಶೈಲಿಯನ್ನು (ರೆಡ್‌ಮೈನ್‌ನಲ್ಲಿ ಟೆಕ್ಸ್‌ಟೈಲ್ ಅಥವಾ ಮಾರ್ಕ್‌ಡೌನ್) ಮೊದಲ ಸುತ್ತಿನಲ್ಲಿ ಪರಿವರ್ತಿಸಲು ಹೋಗಬೇಡಿ. ಇದ್ದ ಹಾಗೆ ತನ್ನಿ. ಅದು ಬೇರೆಯೇ ಪುಲ್ ರಿಕ್ವೆಸ್ಟ್‌ನ ಕೆಲಸ.

## ಹಂತ 4: ಪರಿವರ್ತಕವನ್ನು ಮೊದಲು ಬರೆಯಿರಿ

ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಇನ್ನೂ ಕೆಳಗಿನ ಹೊಂಡಗಳಿಗೆ. ಒಂದೊಂದು ಹೊಂಡದ ದಡದಲ್ಲೂ ನಿಂತು ನೀರು ಎಷ್ಟಿದೆ, ಹೇಗಿದೆ ಎಂದು ನೋಡಬಹುದು. ಇಂಪೋರ್ಟರ್‌ಗೂ ಹೀಗೆ ಮೂರು ಹೊಂಡ ಬೇಕು: ತರುವುದು, ಪರಿವರ್ತಿಸುವುದು, ಉಳಿಸುವುದು. ಮೂರನ್ನೂ ಒಂದೇ ಫಂಕ್ಷನ್‌ನಲ್ಲಿ ಕಲಸಿದರೆ ಕೆಸರು ಎಲ್ಲಿ ಸೇರಿತೆಂದು ತಿಳಿಯುವ ದಾರಿಯೇ ಇಲ್ಲ.

ಪರಿವರ್ತಕ ಎಂದರೆ ಒಂದು ಸರಳ ಫಂಕ್ಷನ್. ಒಳಗೆ ಟ್ರ್ಯಾಕರ್ ಕೊಟ್ಟ ಒಂದು ದೂರಿನ ಜೇಸನ್, ಹೊರಗೆ ನಿಮ್ಮ ಯೋಜನೆಯ ಒಂದು ದೂರು. ಅದು ನೆಟ್‌ವರ್ಕ್ ಮುಟ್ಟಬಾರದು, ಗಡಿಯಾರ ನೋಡಬಾರದು, ಡಿಸ್ಕ್‌ಗೆ ಬರೆಯಬಾರದು. ಎರಡನೇ ಹಂತದ ಎಂಟು ಫೈಲ್‌ಗಳಿಗೆ ಎಂಟು ಟೆಸ್ಟ್ ಬರೆಯಿರಿ, ಎಲ್ಲವೂ ಹಸಿರಾಗುವವರೆಗೆ (ಪಾಸಾಗುವವರೆಗೆ) ಮುಂದೆ ಹೋಗಬೇಡಿ. ವೈಫೈ ಆಫ್ ಮಾಡಿ ಟೆಸ್ಟ್ ಓಡಿಸಿ. ಓಡಿದರೆ ನಿರ್ವಾಹಕರ ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿತು.

### ಸಮಯ

ಟ್ರ್ಯಾಕರ್‌ಗಳ ಎಪಿಐ ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಕೊಡುತ್ತದೆ, ಕೊನೆಯಲ್ಲಿ ಝಡ್ ಅಕ್ಷರವಿರುತ್ತದೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಾರ್ಚ್ 31ರ ರಾತ್ರಿ 8 ಗಂಟೆ ಯುಟಿಸಿ ಎಂದರೆ ನಮಗೆ ಏಪ್ರಿಲ್ 1ರ ಬೆಳಗಿನ ಜಾವ ಒಂದೂವರೆ: ದಿನವೂ ಬೇರೆ, ತಿಂಗಳೂ ಬೇರೆ. ಸಮಯವನ್ನು ವಲಯದ ಗುರುತಿನ ಸಮೇತ ಯುಟಿಸಿಯಲ್ಲೇ ಇಟ್ಟುಕೊಳ್ಳಿ, ತೋರಿಸುವಾಗ ಮಾತ್ರ ಬದಲಿಸಿ. ಪೈಥಾನ್‌ನ ಐಎಸ್‌ಒ ಸಮಯ ಓದುವ ಫಂಕ್ಷನ್ ಆ ಝಡ್ ಅಕ್ಷರವನ್ನು ಒಪ್ಪಿಕೊಂಡದ್ದು 3.11ನೇ ಆವೃತ್ತಿಯಿಂದ. ನಿಮ್ಮ ಯೋಜನೆ ಅದಕ್ಕಿಂತ ಹಳೆಯದನ್ನೂ ಬೆಂಬಲಿಸುತ್ತಿದ್ದರೆ ನಿಮ್ಮಲ್ಲಿ ಓಡಿದ ಟೆಸ್ಟ್ ಅಲ್ಲಿ ಬೀಳುತ್ತದೆ.

### ಕನ್ನಡ

ಕನ್ನಡದ ಮಾದರಿ ಬೇಕೇಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಯುನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಮಾನದಂಡ) ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಹಿಡಿಯುತ್ತದೆ. "ಚಿತ್ರದುರ್ಗ" ಎಂದು ಬರೆದರೆ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಗಣಕದ ಲೆಕ್ಕದಲ್ಲಿ ಅದು ಹತ್ತು ಸಂಕೇತ, ಮೂವತ್ತು ಬೈಟ್. ತಲೆಬರಹವನ್ನು 80 ಬೈಟ್‌ಗೆ ಕತ್ತರಿಸುವ ಕೋಡ್ ಇಂಗ್ಲಿಷ್‌ಗೆ ಸರಿಹೋಗುತ್ತದೆ, ಕನ್ನಡದಲ್ಲಿ ಒಂದು ಸಂಕೇತದ ನಡುವೆಯೇ ಕತ್ತರಿ ಬೀಳಬಹುದು. ಸಂಕೇತಗಳ ಲೆಕ್ಕದಲ್ಲಿ ಕತ್ತರಿಸಿದರೂ ಒತ್ತಕ್ಷರ ಉದುರಿ "ದುರ್ಗ" ಎಂಬುದು "ದುರ್" ಆಗುತ್ತದೆ. ತಲೆಬರಹವನ್ನು ಕತ್ತರಿಸಲೇಬೇಡಿ. ಯೋಜನೆಗೆ ಮಿತಿ ಇದ್ದರೆ ಪದದ ಕೊನೆಯಲ್ಲಿ ನಿಲ್ಲಿಸಿ.

ಇನ್ನೊಂದನ್ನು ಹತ್ತಿರದಿಂದ ನೋಡಿ. "ದೋಷ" ಎಂಬ ಲೇಬಲ್ ಇದೆ ಎಂದುಕೊಳ್ಳಿ. ಅದನ್ನು ದ, ಓತ್ವ, ಷ ಎಂದು ಮೂರು ಸಂಕೇತಗಳಲ್ಲಿ ಬರೆಯಬಹುದು. ಅದೇ ಓತ್ವವನ್ನು ಎತ್ವ, ಊತ್ವ, ದೀರ್ಘದ ಗುರುತು ಎಂದು ಬಿಡಿಸಿ ಐದು ಸಂಕೇತಗಳಲ್ಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿದರೆ ಬೇರೆ ಬೇರೆ! ನಮ್ಮ ಗುಂಪಿನ ಒಬ್ಬ ಹುಡುಗಿ ಇದರ ಬೆನ್ನು ಹತ್ತಿ ಒಂದು ಇಡೀ ಭಾನುವಾರ ಕಳೆದಳು. ಲೇಬಲ್ ಪಟ್ಟಿಯಲ್ಲಿ "ದೋಷ" ಎರಡು ಸಲ ಕಾಣುತ್ತಿತ್ತು, ಒಂದರಡಿ ಕೆಲವು ದೂರು, ಇನ್ನೊಂದರಡಿ ಉಳಿದವು. ಪರಿಹಾರ ಒಂದೇ ಸಾಲು: ಲೇಬಲ್‌ಗಳನ್ನು ಹೋಲಿಸುವ ಮೊದಲು ಎನ್‌ಎಫ್‌ಸಿ ಎಂಬ ಯುನಿಕೋಡ್ ಏಕರೂಪಕ್ಕೆ ತನ್ನಿ. ಹಾಗೆ ಮಾಡುವುದು ಹೋಲಿಕೆಗೆ ಮಾತ್ರ, ವಿವರಣೆಯ ಮೂಲಪಠ್ಯವನ್ನು ಮುಟ್ಟಬೇಡಿ.

## ಹಂತ 5: ಈಗ ತರುವ ಕೋಡ್

ರೆಡ್‌ಮೈನ್‌ಗೆ ದೂರುಗಳ ಪಟ್ಟಿ ಕೇಳಿದರೆ, ಬೇರೇನೂ ಹೇಳದಿದ್ದರೆ, ತೆರೆದಿರುವ ದೂರುಗಳನ್ನು ಮಾತ್ರ ಕೊಡುತ್ತದೆ. ಅದೂ 25 ಮಾತ್ರ. ಮುಚ್ಚಿದ್ದೂ ಬೇಕೆಂದರೆ ಸ್ಟೇಟಸ್ ಐಡಿಯ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಬೇಕು. ಒಂದು ಸಲಕ್ಕೆ ಗರಿಷ್ಠ 100 ಸಿಗುತ್ತದೆ. 500 ಎಂದು ಕೇಳಿದರೂ ಸರ್ವರ್ ಬೈಯುವುದಿಲ್ಲ, ಸುಮ್ಮನೆ 100 ಕೊಟ್ಟು ಕೂರುತ್ತದೆ. ಗಿಟ್‌ಹಬ್‌ನಲ್ಲೂ ಡೀಫಾಲ್ಟ್ ತೆರೆದವು ಮಾತ್ರ, ಗರಿಷ್ಠ 100. ಎಷ್ಟು ಕೇಳಿದಿರಿ ಎಂಬುದನ್ನು ಬಿಟ್ಟು ಎಷ್ಟು ಬಂತು ಎಂಬುದರ ಮೇಲೆ ಮುಂದಿನ ಪುಟ ಲೆಕ್ಕ ಹಾಕಿ. ಗಿಟ್‌ಹಬ್ ಮುಂದಿನ ಪುಟದ ವಿಳಾಸವನ್ನು ಲಿಂಕ್ ಹೆಡರ್‌ನಲ್ಲಿ ತಾನೇ ಕೊಡುತ್ತದೆ, ಅದನ್ನೇ ಹಿಡಿದು ಹೋಗಿ.

ನಮ್ಮ ಎಪಿಎಂಸಿ ಮಂಡಿಯಲ್ಲಿ ಮೆಕ್ಕೆಜೋಳದ ಲಾರಿ ಬಂದರೆ ಇಳಿದ ಚೀಲ ಎಣಿಸದೆ ಯಾರೂ ಪಟ್ಟಿ ಬರೆಯುವುದಿಲ್ಲ. ರೆಡ್‌ಮೈನ್ ಪ್ರತಿ ಉತ್ತರದಲ್ಲೂ ಒಟ್ಟು ಎಷ್ಟು ದೂರುಗಳಿವೆ ಎಂದು ಹೇಳುತ್ತದೆ. ಕೊನೆಯಲ್ಲಿ ನೀವು ತಂದದ್ದು ಎಷ್ಟು ಎಂದು ಎಣಿಸಿ ಅದಕ್ಕೆ ತಾಳೆ ನೋಡಿ, ಬಾರದಿದ್ದರೆ ಎಚ್ಚರಿಕೆ ಬರೆಯಿರಿ.

ವಿಂಗಡಣೆಯ ಕ್ರಮವನ್ನು ನೀವೇ ಹೇಳಿ, ಹಳೆಯದರಿಂದ ಹೊಸದಕ್ಕೆ. ಹೊಸದು ಮೊದಲು ಎಂಬ ಕ್ರಮದಲ್ಲಿ ನೀವು ಮೂರನೇ ಪುಟ ಓದುವಾಗ ಯಾರೋ ಹೊಸ ದೂರು ಹಾಕಿದರೆ ಎಲ್ಲವೂ ಒಂದು ಸ್ಥಾನ ಜಾರಿ, ಮೂರನೇ ಪುಟದ ಕೊನೆಯದೇ ನಾಲ್ಕನೇ ಪುಟದ ಮೊದಲಿಗೆ ಮತ್ತೆ ಬರುತ್ತದೆ. ಮಧ್ಯೆ ಒಂದು ಅಳಿಸಿಹೋದರೆ ಒಂದು ದೂರು ತಪ್ಪಿಯೇ ಹೋಗುತ್ತದೆ.

ರೆಡ್‌ಮೈನ್‌ನಲ್ಲಿ ದೂರಿನ ಪ್ರತಿಕ್ರಿಯೆಗಳು ಪಟ್ಟಿಯ ಜೊತೆ ಬರುವುದಿಲ್ಲ, ಒಂದೊಂದು ದೂರನ್ನೂ ಬಿಡಿಯಾಗಿ ಕೇಳಬೇಕು. 400 ದೂರುಗಳಿದ್ದರೆ ಪಟ್ಟಿಯ ನಾಲ್ಕು ಪ್ರಶ್ನೆಯ ಮೇಲೆ ಇನ್ನೂ 400 ಪ್ರಶ್ನೆ. ಪ್ರತಿಕ್ರಿಯೆ ಬೇಕೋ ಬೇಡವೋ ಎಂಬುದನ್ನು ಸೆಟ್ಟಿಂಗ್ ಆಗಿ ಬಿಡಿ.

ಮಿತಿಗಳನ್ನು ಗೌರವಿಸಿ. ಟೋಕನ್ (ಖಾತೆಯ ಗುಪ್ತಕೀಲಿ) ಇಲ್ಲದೆ ಗಿಟ್‌ಹಬ್ ಒಂದು ಐಪಿ ವಿಳಾಸಕ್ಕೆ ಗಂಟೆಗೆ 60 ಪ್ರಶ್ನೆ ಮಾತ್ರ ಒಪ್ಪುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಮೂವತ್ತು ಜನ ಒಂದೇ ಐಪಿಯಿಂದ ಹೊರಗೆ ಹೋಗುತ್ತಿದ್ದರೆ ತಲೆಗೆ ಎರಡೇ ಪ್ರಶ್ನೆ. ನಿಮ್ಮ ಕೋಡ್ ಸರಿಯಿದ್ದೂ ಓಡದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಟೋಕನ್ ಇದ್ದರೆ ಗಂಟೆಗೆ 5000. 429 (ಪ್ರಶ್ನೆ ಹೆಚ್ಚಾಯಿತು) ಎಂಬ ಉತ್ತರ ಬಂದರೆ ಸರ್ವರ್ ಹೇಳಿದಷ್ಟು ಹೊತ್ತು ಕಾಯಿರಿ. 500ರ ಸಾಲಿನ ತಪ್ಪುಗಳಿಗೆ (ಸರ್ವರ್‌ನದೇ ದೋಷ) ಕಾಯುವ ಹೊತ್ತನ್ನು ಪ್ರತಿ ಸಲ ದುಪ್ಪಟ್ಟು ಮಾಡುತ್ತಾ ಕೆಲವು ಸಲ ಪ್ರಯತ್ನಿಸಿ. 401 (ನಿಮ್ಮ ಗುರುತು ಒಪ್ಪಿಲ್ಲ), 404 (ಅಂಥದ್ದು ಸಿಗಲಿಲ್ಲ) ಬಂದರೆ ಮತ್ತೆ ಮತ್ತೆ ಬಡಿಯಬೇಡಿ, ಬಾಗಿಲು ತೆರೆಯುವುದಿಲ್ಲ. ಪ್ರತಿ ಪ್ರಶ್ನೆಗೂ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗರಿಷ್ಠ ಹೊತ್ತು) ಇಡಿ.

## ಹಂತ 6: ಎರಡನೇ ಓಟ

ಕಳೆದ ವರ್ಷ ನಮ್ಮಲ್ಲೊಬ್ಬ ಹುಡುಗ ಇಂಪೋರ್ಟರ್ ಮುಗಿಸಿ ಎಲ್ಲರ ಮುಂದೆ ಓಡಿಸಿದ. 312 ದೂರುಗಳು ಬಂದವು, ಚಪ್ಪಾಳೆಯೂ ಬಿತ್ತು. ಇನ್ನೊಮ್ಮೆ ಓಡಿಸು ಎಂದೆ. 624 ಆದವು. ಅವನ ಮುಖ ಬಾಡಿದ್ದು ನನಗೆ ಇನ್ನೂ ನೆನಪಿದೆ. ಮೂರು ವಾರದ ಕೆಲಸ ಅದು. ಆದರೆ ಆ ಕ್ಷಣ ನಮ್ಮ ಮಹಡಿಯ ಮೇಲೆ ಬಂದದ್ದೇ ಒಳ್ಳೆಯದಾಯಿತು, ಬಳಕೆದಾರರ ಗಣಕದಲ್ಲಿ ಬರಲಿಲ್ಲ.

ಪ್ರತಿ ದೂರಿಗೂ ಬದಲಾಗದ ಗುರುತು ಬೇಕು: ಟ್ರ್ಯಾಕರ್‌ನ ವಿಳಾಸ ಮತ್ತು ದೂರಿನ ಸಂಖ್ಯೆ, ಎರಡೂ ಸೇರಿ. ಸಂಖ್ಯೆ ಒಂದೇ ಸಾಲದು, ಎರಡು ರೆಡ್‌ಮೈನ್‌ಗಳಲ್ಲೂ 17ನೇ ದೂರು ಇರುತ್ತದೆ. ತಲೆಬರಹವಂತೂ ಗುರುತಾಗಲಾರದು, ಜನ ಅದನ್ನು ತಿದ್ದುತ್ತಾರೆ. ಈ ಗುರುತು ಈಗಾಗಲೇ ಇದ್ದರೆ ತಿದ್ದುವುದು, ಇಲ್ಲದಿದ್ದರೆ ಸೇರಿಸುವುದು.

ಮುಂದಿನ ಓಟದಲ್ಲಿ ಬದಲಾದದ್ದನ್ನು ಮಾತ್ರ ತರಲು ಹಿಂದಿನ ಓಟ ಎಲ್ಲಿಗೆ ನಿಂತಿತೆಂದು ಗುರುತಿಟ್ಟುಕೊಳ್ಳಬೇಕು. ಇಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ಗಡಿಯಾರವನ್ನು ನಂಬಬೇಡಿ. ಅದು ಸರ್ವರ್‌ಗಿಂತ ಮೂರು ನಿಮಿಷ ಮುಂದಿದ್ದರೆ ಆ ಮೂರು ನಿಮಿಷದಲ್ಲಿ ಬದಲಾದ ದೂರುಗಳು ಎಂದಿಗೂ ಬರುವುದಿಲ್ಲ. ಬಂದ ದೂರುಗಳಲ್ಲೇ ಅತಿ ಇತ್ತೀಚಿನ ಬದಲಾವಣೆಯ ಸಮಯವನ್ನು ಗುರುತಾಗಿ ಇಟ್ಟುಕೊಳ್ಳಿ, ಮುಂದಿನ ಸಲ ಅದಕ್ಕಿಂತ ಕೆಲವು ನಿಮಿಷ ಹಿಂದಿನಿಂದ ಕೇಳಿ. ಒಂದೆರಡು ಮತ್ತೆ ಬಂದರೂ ಗುರುತು ಇರುವುದರಿಂದ ನಕಲಾಗುವುದಿಲ್ಲ. ರೆಡ್‌ಮೈನ್‌ಗೆ ಈ ಷರತ್ತನ್ನು ಕಳುಹಿಸುವಾಗ "ಹೆಚ್ಚು ಅಥವಾ ಸಮ" ಚಿಹ್ನೆಯನ್ನು ವಿಳಾಸಕ್ಕೆ ತಕ್ಕ ಸಂಕೇತವಾಗಿ ಬದಲಿಸಬೇಕು.

ಆ ಸಮಯದ ಗುರುತನ್ನು ದೂರುಗಳೆಲ್ಲ ಡಿಸ್ಕ್‌ಗೆ ಇಳಿದ ಮೇಲೆ ಬರೆಯಿರಿ, ಮೊದಲೇ ಅಲ್ಲ. ಬೇಸಿಗೆಯಲ್ಲಿ ನಮ್ಮಲ್ಲಿ ಕರೆಂಟ್ ಹೇಳಿಕೇಳಿ ಹೋಗುವುದಿಲ್ಲ. ಗುರುತು ಮೊದಲು ಬಿದ್ದು ದೂರುಗಳು ಬೀಳುವ ಮುನ್ನ ಗಣಕ ಆರಿದರೆ ನಡುವಿನವು ಶಾಶ್ವತವಾಗಿ ಹೋದವು.

ಈ ಹಂತ ಮುಗಿಯಿತೆಂದು ತಿಳಿಯಲು ಮೂರು ಪರೀಕ್ಷೆ ಮಾಡಿ. ಏನೂ ಬದಲಿಸದೆ ಎರಡನೇ ಸಲ ಓಡಿಸಿ: ಸೇರಿದ್ದು ಸೊನ್ನೆ ಎಂದು ಬರಬೇಕು. ಒಂದು ದೂರಿನ ತಲೆಬರಹ ತಿದ್ದಿ ಓಡಿಸಿ: ತಿದ್ದಿದ್ದು ಒಂದು ಎಂದು ಬರಬೇಕು. ಅರ್ಧದಲ್ಲಿ ನೆಟ್ ಕಿತ್ತು, ಮತ್ತೆ ಹಾಕಿ ಓಡಿಸಿ: ಕೊನೆಗೆ ಒಟ್ಟು ಲೆಕ್ಕ ತಾಳೆಯಾಗಬೇಕು.

ಅಳಿಸಿದ ದೂರುಗಳ ಪ್ರಶ್ನೆ ಉಳಿಯುತ್ತದೆ. ಗಿಟ್‌ಹಬ್ ಬೇರೆಡೆಗೆ ವರ್ಗವಾದ ದೂರಿಗೆ 301, ಅಳಿಸಿದ್ದಕ್ಕೆ 410 ಎಂದು ಹೇಳಬಲ್ಲದು. ಪಟ್ಟಿಯಲ್ಲಿ ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ನಿಮ್ಮ ಕಡೆ ಅಳಿಸಬೇಡಿ. ಖಾತೆಯ ಅನುಮತಿ ಬದಲಾಗಿರಬಹುದು.

## ಹಂತ 7: ಕೀಲಿ ಮತ್ತು ಕೈಪಿಡಿ

ಎಪಿಐ ಕೀಲಿಯನ್ನು ಕೋಡ್‌ನಲ್ಲಿ ಬರೆಯಬೇಡಿ. ಯೋಜನೆಯಲ್ಲಿ ಅದಕ್ಕಾಗಿ ಇರುವ ವ್ಯವಸ್ಥೆ ಬಳಸಿ, ಲಾಗ್‌ನಲ್ಲಿ ಮುದ್ರಣವಾಗದಂತೆ ನೋಡಿಕೊಳ್ಳಿ. ಕೀಲಿ ಒಮ್ಮೆ ಕಮಿಟ್ ಆಗಿ ಗಿಟ್‌ಹಬ್‌ಗೆ ಹೋಗಿದ್ದರೆ ಆ ಕಮಿಟ್ ಅಳಿಸಿ ಸಮಾಧಾನಪಡಬೇಡಿ. ತಕ್ಷಣ ಕೀಲಿಯನ್ನೇ ರದ್ದುಮಾಡಿ ಹೊಸದು ಪಡೆಯಿರಿ.

ಕೈಪಿಡಿಯ ಪುಟದಲ್ಲಿ ಯಾವ ಆವೃತ್ತಿಯ ಮೇಲೆ ಪರೀಕ್ಷಿಸಿದಿರಿ, ಯಾವ ಅನುಮತಿ ಬೇಕು, ಏನು ಬರುವುದಿಲ್ಲ ಎಂಬ ಮೂರು ವಿಷಯ ಸಾಕು. "ರೆಸ್ಟ್ ಸೇವೆ ಆನ್ ಇರಬೇಕು" ಎಂಬ ಸಾಲನ್ನು ಮಾತ್ರ ಮರೆಯಬೇಡಿ.

## ಹಂತ 8: ಪುಲ್ ರಿಕ್ವೆಸ್ಟ್

ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಮೊದಲು ಪರಿವರ್ತಕ, ಮಾದರಿಗಳು, ಟೆಸ್ಟ್‌ಗಳು. ಅದು ಒಪ್ಪಿಗೆಯಾದ ಮೇಲೆ ತರುವ ಕೋಡ್. ಪ್ರತಿಕ್ರಿಯೆ, ಲಗತ್ತುಗಳು ಮೂರನೆಯದಾಗಿ. ಎರಡು ಸಾವಿರ ಸಾಲಿನ ಪುಲ್ ರಿಕ್ವೆಸ್ಟನ್ನು ಸಂಜೆಯ ಬಿಡುವಿನಲ್ಲಿ ಓದುವ ಸ್ವಯಂಸೇವಕರನ್ನು ಕಣ್ಣ ಮುಂದೆ ತಂದುಕೊಳ್ಳಿ. ದಾರಿಯಲ್ಲಿ ಕಂಡ ಬೇರೆ ಕೋಡ್‌ನ ಹಲ್ಲುಜ್ಜಲು ಹೋಗಬೇಡಿ, ಅದು ಬೇರೆ ದಿನದ ಕೆಲಸ.

ವಿವರಣೆಯಲ್ಲಿ ಆರನೇ ಹಂತದ ಮೂರು ಪರೀಕ್ಷೆಗಳ ಫಲಿತಾಂಶ ಬರೆಯಿರಿ. ಕಮಿಟ್‌ಗೆ ಸಹಿಯ ಸಾಲು ಬೇಕೆಂದು ಯೋಜನೆ ಕೇಳಿದ್ದರೆ ಹಾಕಿ. ರಿವ್ಯೂ ಶುರುವಾದ ಮೇಲೆ ಹಳೆಯ ಕಮಿಟ್‌ಗಳನ್ನು ತಿದ್ದಿ ಬಲವಂತವಾಗಿ ಪುಶ್ ಮಾಡಬೇಡಿ, ಅವರು ಎಲ್ಲಿಯವರೆಗೆ ಓದಿದ್ದರೋ ಅದು ಕಳೆದುಹೋಗುತ್ತದೆ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ವಿನಯದಿಂದ ನೆನಪಿಸುವುದರಲ್ಲಿ ತಪ್ಪಿಲ್ಲ.

## ಅಪಾಯದ ಸೂಚನೆಗಳು

ಬಂದ ದೂರುಗಳ ಸಂಖ್ಯೆ ಸರಿಯಾಗಿ 25 ಅಥವಾ 100 ಆಗಿದ್ದರೆ ಪುಟಗಳು ತಿರುಗುತ್ತಿಲ್ಲ. ಮುಚ್ಚಿದ ದೂರು ಒಂದೂ ಇಲ್ಲದಿದ್ದರೆ ಐದನೇ ಹಂತದ ನಕ್ಷತ್ರ ಮರೆತಿದ್ದೀರಿ. ಸಮಯಗಳು ಐದೂವರೆ ಗಂಟೆ ಹೆಚ್ಚುಕಮ್ಮಿ ಇದ್ದರೆ ಎಲ್ಲೋ ವಲಯದ ಗುರುತು ಉದುರಿದೆ. ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ಲ್ಯಾಟಿನ್ ಅಕ್ಷರಗಳ ಸಾಲು ಕಂಡರೆ ಯುಟಿಎಫ್-8 ಬೈಟ್‌ಗಳನ್ನು ಬೇರೆ ಎನ್‌ಕೋಡಿಂಗ್‌ನಲ್ಲಿ ಓದಿದ್ದೀರಿ. ನಿಮ್ಮಲ್ಲಿ ಹಸಿರಾದ ಟೆಸ್ಟ್ ಯೋಜನೆಯ ಸರ್ವರ್‌ನಲ್ಲಿ ಕೆಂಪಾದರೆ, ಬಹುಪಾಲು ಅದು ನಿಮ್ಮ ಲ್ಯಾಪ್‌ಟಾಪ್‌ನ ರೆಡ್‌ಮೈನನ್ನು ಹುಡುಕುತ್ತಿದೆ.

ಮರ್ಜ್ ಆದ ಮೇಲೆ ಒಂದು ತಿಂಗಳು ಆ ಯೋಜನೆಯ ದೂರುಗಳ ಪಟ್ಟಿಯ ಮೇಲೆ ಕಣ್ಣಿಡಿ. ನಿಮ್ಮ ಇಂಪೋರ್ಟರ್ ಬಗ್ಗೆ ಮೊದಲ ದೂರು ಬಂದೇ ಬರುತ್ತದೆ. ಬಂದಾಗ ಆ ಬಳಕೆದಾರರಿಂದ ಒಂದು ಮಾದರಿ ಉತ್ತರ ಕೇಳಿ, ಹೆಸರು ವಿಳಾಸ ಬದಲಿಸಿ, ಒಂಬತ್ತನೇ ಫೈಲಾಗಿ ಟೆಸ್ಟ್ ಫೋಲ್ಡರ್‌ಗೆ ಸೇರಿಸಿ, ಟೆಸ್ಟ್ ಕೆಂಪಾಗುವುದನ್ನು ನೋಡಿ, ಆಮೇಲೆ ಕೋಡ್ ತೆರೆಯಿರಿ.